ಗ್ರಂಥಪಾಲಕರ ದಿನದ ನೆನಪು: ಡಾ. ಎಸ್. ಆರ್. ರಂಗನಾಥನ್



ಆಗಸ್ಟ್ 12 ರಾಷ್ಟ್ರೀಯ ಗ್ರಂಥಪಾಲಕರ ದಿನ. ಅಂದು ಶಿಯ್ಯಾಳಿ ರಾಮಾಮೃತ ರಂಗನಾಥನ್ ಅವರನ್ನು ದೇಶವೆಲ್ಲ ನೆನೆಯುತ್ತದೆ. 1892ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿದ ಅವರಿಗೂ ಕೃಷ್ಣಾ ತೀರದ ಕನ್ನಡಿಗರಾದ ನಮಗೂ ಏನು ಸಂಬಂಧ ಎಂದು ಕೇಳಬಹುದು. 1917ರಲ್ಲಿ ಅವರು ಗಣಿತ ಬೋಧಕರಾಗಿ ಸೇರಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ.

1924ರಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಒಂಟಿಯಾಗಿ ಕೂರುವ ಆ ಕೆಲಸ ಬೇಸರವಾಗಿ, ಕೆಲವೇ ದಿನಗಳಲ್ಲಿ ಪಾಠಕ್ಕೆ ಮರಳಲು ಹೊರಟಿದ್ದರಂತೆ. ಲಂಡನ್ನಿಗೆ ಹೋಗಿ ಕಲಿತು ಬಂದ ಮೇಲೆ ಮನಸ್ಸು ಬದಲಾಯಿತು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಅವುಗಳ ತಿರುಳು. ಅದೇ ವರ್ಷ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹಳ್ಳಿಗಳಿಗೆ ಹೊರಟಾಗ ಅದಕ್ಕೆ ಚಾಲನೆ ಕೊಟ್ಟವರೂ ಇವರೇ.

1933ರಲ್ಲಿ ಅವರ ಕೋಲನ್ ವರ್ಗೀಕರಣ ಹೊರಬಂತು. ಭತ್ತದ ರೋಗದ ಬಗ್ಗೆ ಒಂದು ಪುಸ್ತಕವಿದೆ ಎನ್ನಿ. ವಿಷಯ ಕೃಷಿ, ಬೆಳೆ ಭತ್ತ, ಸಮಸ್ಯೆ ರೋಗ. ಹೀಗೆ ಬಿಡಿಸಿ, ಒಂದೊಂದಕ್ಕೂ ಸಂಕೇತವಿಟ್ಟು, ಮತ್ತೆ ಜೋಡಿಸುವುದು ಅವರ ಕ್ರಮ. ಒಂದೇ ಕ್ರಮ ಎಲ್ಲ ಕಡೆ ಪಾಲಿಸಿದರೆ ಬೇರೆ ಬೇರೆ ಊರಿನ ಪುಸ್ತಕಗಳನ್ನು ಒಂದೇ ಪಟ್ಟಿಯಲ್ಲಿ ನೋಡಬಹುದು. ಇಂದು ಕಂಪ್ಯೂಟರ್ ಜಾಲದಲ್ಲಿ ಗ್ರಂಥಾಲಯಗಳು ಒಂದಾಗಿರುವುದರ ಹಿಂದೆಯೂ ಇಂಥದೇ ಯೋಚನೆಯಿದೆ.

1957ರಲ್ಲಿ ಇಂಗ್ಲೆಂಡಿನ ಡಾರ್ಕಿಂಗ್‌ನಲ್ಲಿ ಮಾಹಿತಿ ಹುಡುಕುವ ಬಗೆಯ ಕುರಿತು ವಿದ್ವಾಂಸರು ಸೇರಿದಾಗ ಅವರೂ ಅಲ್ಲಿದ್ದರು. 1962ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅಲ್ಲಿನ ವಾರ್ಷಿಕ ವಿಚಾರ ಸಂಕಿರಣಗಳು ಹಲವು ಊರುಗಳ ಗ್ರಂಥಪಾಲಕರನ್ನು ಒಂದೆಡೆ ಕೂಡಿಸಿದವು. ಒಂದು ಲಕ್ಷ ರೂಪಾಯಿ ಉಳಿತಾಯವನ್ನು ಪತ್ನಿ ಶಾರದಾ ಅವರ ಹೆಸರು ಸೇರಿದ ಪೀಠಕ್ಕಾಗಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದರು. 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಈಗ ನಮ್ಮ ಮಾತು. ಕಳೆದ ವರ್ಷ ನಮ್ಮ ಹಿರಿಯ ಮೇಷ್ಟ್ರೊಬ್ಬರು ಹೋದ ಮೇಲೆ ಅವರ ಎರಡು ಬೀರು ಕನ್ನಡ ಪುಸ್ತಕಗಳು ತೂಕಕ್ಕೆ ರದ್ದಿಗೆ ಹೋದವು. ನಮಗೆ ಗೊತ್ತಾದದ್ದು ತಿಂಗಳ ನಂತರ. ಮನೆಯವರ ತಪ್ಪಲ್ಲ, ಆ ಪುಸ್ತಕ ಬೇಕೆನ್ನುವವರು ಇದ್ದಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಕ್ತಲ್‌ನ ಬೀರುವಿನಲ್ಲಿರುವ ಪುಸ್ತಕಕ್ಕಾಗಿ ನಮ್ಮ ಹುಡುಗರು ನದಿ ದಾಟಿ ರಾಯಚೂರಿಗೆ ಹೋಗಿ ಬರುತ್ತಾರೆ. ನಾಲ್ಕು ದಶಕ ಕಚೇರಿಯಲ್ಲಿ ರಿಜಿಸ್ಟರ್ ಬರೆದ ಕೈಯಿದ್ದೂ ಸಂಘದ ಪುಸ್ತಕಗಳಿಗೆ ಒಂದು ರಿಜಿಸ್ಟರ್ ಬರೆಯದೆ ಹೋದೆವು.

ಆದ್ದರಿಂದ ಆಗಸ್ಟ್ 12ರಂದು ಬೆಳಿಗ್ಗೆ 10ಕ್ಕೆ ಕೃಷ್ಣಾದಲ್ಲಿ ಸೇರೋಣ. ಕೃಷ್ಣಾ, ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಸದಸ್ಯರು ತಮ್ಮ ಮನೆಯ ಕನ್ನಡ ಪುಸ್ತಕಗಳ ಪಟ್ಟಿ ತರಬೇಕು. ಹೆಸರು, ಲೇಖಕರು, ಯಾರ ಮನೆಯಲ್ಲಿದೆ, ಇಷ್ಟು ಸಾಕು. ಪುಸ್ತಕ ನಿಮ್ಮಲ್ಲೇ ಇರಲಿ, ಪಟ್ಟಿ ಎಲ್ಲರದಾಗಲಿ. ಭಾಷಣ ಇರುವುದಿಲ್ಲ, ಚಹಾ, ಮಂಡಕ್ಕಿ ಇರುತ್ತದೆ.

ಇಂತಿ,
ಕಾರ್ಯದರ್ಶಿ