ಎರಡಾಣೆಯ ಉಳಿತಾಯ

ತೋನ್ಸೆ ಮಾಧವ ಅನಂತ ಪೈಯವರು 1898ರಲ್ಲಿ ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದರು. ಆಗ ಉಡುಪಿಯು ಮಂಗಳೂರನ್ನು ಕೇಂದ್ರವಾಗುಳ್ಳ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದ ಪೈಯವರು ಊರಿಗೆ ಮರಳಿ ವೈದ್ಯವೃತ್ತಿಯನ್ನು ಕೈಗೊಂಡರು. ರೋಗಕ್ಕೆ ಔಷಧವಿತ್ತು, ಆದರೆ ಬಡತನಕ್ಕೆ ಬೇರೆಯೇ ಚಿಕಿತ್ಸೆ ಬೇಕಾಗಿತ್ತು.

ಆ ಕಾಲದಲ್ಲಿ ಕೈಮಗ್ಗದ ನೇಕಾರರು ಬಂಡವಾಳವಿಲ್ಲದೆ ಸಂಕಟಕ್ಕೀಡಾಗಿದ್ದರು. ಅವರಿಗೆ ನೆರವಾಗಲೆಂದು ಪೈಯವರು 1925ರಲ್ಲಿ ಅಣ್ಣ ಉಪೇಂದ್ರ ಅನಂತ ಪೈ ಹಾಗೂ ವಾಮನ ಕುಡ್ವ ಅವರೊಡನೆ ಕೂಡಿ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಮೂಲ ಬಂಡವಾಳ ಕೇವಲ 8,000 ರೂಪಾಯಿ.

ಬಡವನು ಹಣ ಉಳಿಸದಿರುವುದಕ್ಕೆ ದುಂದುಗಾರಿಕೆಯೇ ಕಾರಣವೆಂದು ಹಲವರು ಭಾವಿಸುವುದುಂಟು. ಆದರೆ ಕೂಲಿಯವನ ಲೆಕ್ಕವನ್ನು ಅವನ ಕಡೆಯಿಂದಲೇ ನೋಡಬೇಕು. ಎರಡಾಣೆಯನ್ನು ಕಟ್ಟಲು ಬ್ಯಾಂಕಿಗೆ ಹೋದರೆ ಅರ್ಧ ದಿನದ ಕೂಲಿಯೇ ನಷ್ಟ. ಮನೆಯಲ್ಲಿಟ್ಟರೆ ಸಂಜೆಯೊಳಗೆ ಯಾವುದಾದರೊಂದು ಅಗತ್ಯವು ಅದನ್ನು ನುಂಗುವುದು. ಹೀಗಿರುವಾಗ ಉಳಿಸದಿರುವುದು ಅವಿವೇಕವಲ್ಲ. ಅವನ ಪರಿಸ್ಥಿತಿಯಲ್ಲಿ ಅದೇ ಸಹಜ.

ಮನುಷ್ಯನನ್ನು ಹಳಿಯುವ ಬದಲು ಪೈಯವರು ಪರಿಸ್ಥಿತಿಯನ್ನೇ ಬದಲಿಸಿದರು. 1928ರಲ್ಲಿ ‘ಪಿಗ್ಮಿ’ ಠೇವಣಿಯು ಆರಂಭವಾಯಿತು. ಬ್ಯಾಂಕಿನ ಪ್ರತಿನಿಧಿಯು ಪ್ರತಿದಿನ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಹಣವನ್ನೂ ಸ್ವೀಕರಿಸುತ್ತಿದ್ದನು. ದೂರದ ತೊಡಕು ನೀಗಿತು. ಖರ್ಚಾಗುವ ಮೊದಲೇ ಹಣವು ಭದ್ರವಾಯಿತು. ದಿನನಿತ್ಯದ ಭೇಟಿಯಿಂದ ಉಳಿತಾಯವು ಅಭ್ಯಾಸವಾಯಿತು. ರೂಪಾಯಿಗೆ ಹದಿನಾರಾಣೆಯಿದ್ದ ಆ ದಿನಗಳಲ್ಲಿ, ದಿನಕ್ಕೆರಡಾಣೆಯಂತೆ ಕಟ್ಟಿದವನ ಲೆಕ್ಕದಲ್ಲಿ ವರ್ಷಕ್ಕೆ 45 ರೂಪಾಯಿ 10 ಆಣೆ ಸೇರುತ್ತಿತ್ತು. ಹನಿಹನಿಗೂಡಿ ಹಳ್ಳವಾದ ಈ ಹಣವೇ ಮರಳಿ ಜನರಿಗೆ ಸಾಲವಾಗಿ ಒದಗಿತು.

ಶಿಕ್ಷಣದಲ್ಲಿಯೂ ಪೈಯವರು ಇದೇ ವಿವೇಕವನ್ನು ತೋರಿದರು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ದೊಡ್ಡ ಆಸ್ಪತ್ರೆಯನ್ನು ಕಟ್ಟುವವರೆಗೆ ಕಾಯದೆ, ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯಲ್ಲಿಯೇ ವಿದ್ಯಾರ್ಥಿಗಳ ತರಬೇತಿಗೆ ಏರ್ಪಾಡು ಮಾಡಿದರು.

1972ರಲ್ಲಿ ಪೈಯವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. 1979ರಲ್ಲಿ ಅವರು ನಿಧನ ಹೊಂದಿದರು. ಅವರ ಸಂಸ್ಥೆಯು ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಜನರಿಗೆ ಬುದ್ಧಿ ಹೇಳುವ ಮೊದಲು ಅವರ ಕಷ್ಟದ ಲೆಕ್ಕವನ್ನು ಅರಿಯಬೇಕೆಂಬುದೇ ಪೈಯವರ ಬಾಳಿನಿಂದ ನಾವು ಕಲಿಯಬೇಕಾದ ಪಾಠ.