ಹುಳು ಸಾಕಿದ ಮರಿಯಾ

ರಾತ್ರಿ ದೀಪ ಹಾಕಿದ ಕೂಡಲೇ ಗೋಡೆಗೆ ಬಂದು ಕೂರುವ ಪತಂಗಗಳನ್ನು ನಾವೆಲ್ಲ ನೋಡಿದ್ದೇವೆ. ದೀಪದ ಹುಳ ಅಂತ ಹೇಳಿ ಸುಮ್ಮನಾಗುತ್ತೇವೆ. ಅದು ಯಾವ ಪತಂಗ, ಎಲ್ಲಿಂದ ಬಂತು, ಹುಳುವಾಗಿದ್ದಾಗ ಏನು ತಿಂದಿತ್ತು ಅಂತ ಕೇಳುವವರು ಕಡಿಮೆ. ಮುನ್ನೂರ ಅರವತ್ತು ವರ್ಷಗಳ ಹಿಂದೆ ಹಾಗೆ ಕೇಳಿದ ಒಬ್ಬ ಹುಡುಗಿಯ ಕಥೆ ಇದು.

ಅವಳ ಹೆಸರು ಮರಿಯಾ ಸಿಬಿಲಾ ಮೆರಿಯನ್. ಹುಟ್ಟಿದ್ದು 1647ರ ಏಪ್ರಿಲ್ 2ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ಊರಿನಲ್ಲಿ. ಮೂರು ವರ್ಷದವಳಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮತ್ತೆ ಮದುವೆಯಾದದ್ದು ಹೂವಿನ ಚಿತ್ರ ಬರೆಯುವ ಒಬ್ಬ ಕಲಾವಿದನನ್ನು. ಆ ಮಲತಂದೆಯೇ ಮರಿಯಾಳಿಗೆ ಕುಂಚ ಹಿಡಿಯಲು ಕಲಿಸಿದ.

13ನೇ ವಯಸ್ಸಿನಲ್ಲಿ ಆಕೆ ರೇಷ್ಮೆ ಹುಳು ಸಾಕಿದಳು. ರೇಷ್ಮೆ ಹುಳುವೂ ಪತಂಗದ ಮರಿಯೇ ಅಲ್ಲವೇ? ನಮ್ಮ ಕಡೆ ಹಿಪ್ಪುನೇರಳೆ ಸೊಪ್ಪು ಹಾಕಿ, ಚಂದ್ರಿಕೆಗೆ ಬಿಟ್ಟು, ಗೂಡು ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೆ ಗೂಡಾದ ಮೇಲೆ ನಾವು ಮಾರುಕಟ್ಟೆಗೆ ಕಳಿಸಿಬಿಡುತ್ತೇವೆ. ಮರಿಯಾ ಕಾದು ಕೂತಳು. ಗೂಡು ತೂತು ಮಾಡಿಕೊಂಡು ಪತಂಗ ಹೊರಗೆ ಬಂತು! ಹಾಗಾದರೆ ಬೇರೆ ಹುಳುಗಳೂ ಹೀಗೇನಾ ಅನ್ನುವ ಪ್ರಶ್ನೆ ಅವಳಿಗೆ ಹುಟ್ಟಿತು. ಅದು ಸಾಯುವ ತನಕ ಬಿಡಲಿಲ್ಲ.

ಆಗಿನ ಕಾಲದಲ್ಲಿ ಹುಳುಗಳು ಕೆಸರಿನಿಂದ, ಕೊಳೆತ ವಸ್ತುವಿನಿಂದ ತಾವಾಗಿಯೇ ಹುಟ್ಟುತ್ತವೆ ಅಂತ ಓದಿದವರೂ ನಂಬಿದ್ದರು. ಮರಿಯಾ ವಾದ ಮಾಡಲು ಹೋಗಲಿಲ್ಲ. ತೋಟದಲ್ಲಿ ಸಿಕ್ಕ ಹುಳುಗಳನ್ನು ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟಳು. ಯಾವ ಗಿಡದ ಮೇಲೆ ಸಿಕ್ಕಿತೋ ಅದೇ ಗಿಡದ ಎಲೆ ಹಾಕಿದಳು. ಪೊರೆ ಬಿಟ್ಟಿದ್ದು, ಕೋಶವಾದದ್ದು, ರೆಕ್ಕೆ ಬಂದದ್ದು ಎಲ್ಲವನ್ನೂ ಬರೆದಿಟ್ಟಳು. ಕೆಲವು ಸಲ ಕೋಶದಿಂದ ಪತಂಗ ಬರಲಿಲ್ಲ, ನೊಣಗಳು ಬಂದವು! ಯಾಕೆ ಅಂತ ಅವಳಿಗೆ ತಿಳಿಯಲಿಲ್ಲ, ಆದರೂ ಕಂಡದ್ದನ್ನು ಬರೆದಳು. ಕೆಲವು ನೊಣ, ಕಣಜಗಳು ಹುಳುವಿನ ಮೈಯಲ್ಲಿ ಮೊಟ್ಟೆ ಇಡುತ್ತವೆ ಅಂತ ಈಗ ನಮಗೆ ಗೊತ್ತು.

ಮದುವೆಯಾಗಿ ಎರಡು ಹೆಣ್ಣು ಮಕ್ಕಳಾದವು. ಮನೆಗೆಲಸದ ನಡುವೆಯೇ 1679ರಲ್ಲಿ ಆಕೆಯ ಹುಳುಗಳ ಪುಸ್ತಕ ಬಂತು. ಅದರಲ್ಲಿ 50 ಚಿತ್ರಗಳು. 1683ರಲ್ಲಿ ಇನ್ನೊಂದು ಭಾಗ, ಮತ್ತೆ 50 ಚಿತ್ರಗಳು. ಹುಳು, ಕೋಶ, ಪತಂಗ, ಅದು ತಿನ್ನುವ ಗಿಡ ಎಲ್ಲವನ್ನೂ ಒಂದೇ ಚಿತ್ರದಲ್ಲಿ ತೋರಿಸಿದ್ದು ಇದರ ವಿಶೇಷ.

1691ರಲ್ಲಿ ಆಕೆ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿಗೆ ಬಂದಳು. ಅಲ್ಲಿ ಶ್ರೀಮಂತರು ದೂರದೇಶದ ಚಿಟ್ಟೆ, ಪತಂಗಗಳನ್ನು ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿ ಇಟ್ಟಿದ್ದರು. ರೆಕ್ಕೆಯೇನೋ ಚಂದ. ಆದರೆ ಇವುಗಳ ಹುಳು ಹೇಗಿತ್ತು, ಏನು ತಿನ್ನುತ್ತಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ. 1699ರಲ್ಲಿ, 52ನೇ ವಯಸ್ಸಿನಲ್ಲಿ, ತನ್ನ ಚಿತ್ರಗಳನ್ನು ಮಾರಿ, ಕಿರಿಯ ಮಗಳ ಜೊತೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೊರಟೇಬಿಟ್ಟಳು.

ಅಲ್ಲಿನ ಕಬ್ಬಿನ ತೋಟದ ಯಜಮಾನರಿಗೆ ಸಕ್ಕರೆ ಬಿಟ್ಟರೆ ಬೇರೆ ಚಿಂತೆಯಿಲ್ಲ. ಹುಳು ಹುಡುಕುವ ಹೆಂಗಸನ್ನು ಕಂಡು ನಕ್ಕರು. ಕಾಡಿನಲ್ಲಿ ದಾರಿ ಕಡಿದುಕೊಟ್ಟವರು, ಹುಳು ತಂದುಕೊಟ್ಟವರು, ಗಿಡಗಳ ಗುಣ ಹೇಳಿದವರು ಗುಲಾಮರು ಮತ್ತು ಅಲ್ಲಿಯ ಮೂಲನಿವಾಸಿಗಳು. ಅವರ ಸಹಾಯವನ್ನು ಆಕೆ ಪುಸ್ತಕದಲ್ಲಿ ಹೇಳಿದ್ದಾಳೆ, ಹೆಸರು ಮಾತ್ರ ಬರೆಯಲಿಲ್ಲ. ಇದು ನಮಗೆ ಬೇಸರ ತರುವ ಸಂಗತಿ.

ಕಾಯಿಲೆ ಬಿದ್ದು 1701ರಲ್ಲಿ ವಾಪಸು ಬಂದಳು. 1705ರಲ್ಲಿ 60 ಚಿತ್ರಗಳ ದೊಡ್ಡ ಪುಸ್ತಕ ಹೊರಬಂತು. ಅದರಲ್ಲಿ ಒಂದು ದೊಡ್ಡ ಜೇಡ ಹಕ್ಕಿಯನ್ನು ತಿನ್ನುವ ಚಿತ್ರವಿತ್ತು. ಇದು ಸುಳ್ಳು ಅಂತ ಎಷ್ಟೋ ಜನ ಹಂಗಿಸಿದರು. 19ನೇ ಶತಮಾನದಲ್ಲಿ ಹೆನ್ರಿ ಬೇಟ್ಸ್ ಎಂಬ ವಿಜ್ಞಾನಿ ಅಮೆಜಾನ್ ಕಾಡಿನಲ್ಲಿ ಹಕ್ಕಿ ಹಿಡಿದ ಜೇಡವನ್ನು ಕಣ್ಣಾರೆ ಕಂಡ! ಆಕೆ ತಪ್ಪು ಮಾಡಲೇ ಇಲ್ಲ ಅಂತಲ್ಲ. ಒಂದು ಕೀಟದ ತಲೆ ದೀಪದ ಹಾಗೆ ಉರಿಯುತ್ತದೆ ಅಂತ ಬರೆದದ್ದು ಸರಿಯಲ್ಲ.

1717ರ ಜನವರಿ 13ರಂದು ಮರಿಯಾ ತೀರಿಕೊಂಡಳು. ಮುಂದೆ ಜೀವಿಗಳಿಗೆ ಶಾಸ್ತ್ರೀಯ ಹೆಸರಿಟ್ಟ ಲಿನೇಯಸ್ ಆಕೆಯ ಚಿತ್ರಗಳನ್ನು ಬಳಸಿಕೊಂಡ. 1992ರಲ್ಲಿ ಬಂದ ಜರ್ಮನಿಯ 500 ಮಾರ್ಕ್ ನೋಟಿನ ಮೇಲೆ ಅವಳ ಮುಖವಿತ್ತು, ಹಿಂಬದಿಯಲ್ಲಿ ಒಂದು ಹೂಗಿಡ, ಹುಳು ಮತ್ತು ಪತಂಗ! ಯೂರೋ ಬಂದ ಮೇಲೆ ಆ ನೋಟಿನ ಚಲಾವಣೆ ನಿಂತಿತು.

ಗೆಳೆಯ ಗೆಳತಿಯರೇ, ಪತಂಗವನ್ನು ಗುರುತಿಸಲು ರೆಕ್ಕೆ ಮಾತ್ರ ನೋಡಿದರೆ ಸಾಲದು, ಅದರ ಗಿಡ ಗೊತ್ತಿರಬೇಕು ಅಂತ ಮರಿಯಾ ತೋರಿಸಿಕೊಟ್ಟಳು. ನಮ್ಮ ಹಿತ್ತಲಲ್ಲೂ ಹಾಗೆಯೇ. ಕಣಗಿಲೆ ಎಲೆ ತಿಂದ ಹಸಿರು ಹುಳು ಹಸಿರು ಬಣ್ಣದ ದೊಡ್ಡ ಪತಂಗವಾಗುತ್ತದೆ. ಎಳ್ಳಿನ ಗಿಡದ ದಪ್ಪ ಹುಳು ಬೆನ್ನ ಮೇಲೆ ತಲೆಬುರುಡೆ ಗುರುತಿರುವ ಪತಂಗವಾಗುತ್ತದೆ. ಇದನ್ನು ಕಂಡು ಹೆದರಬೇಡಿ, ಅದು ಬರೀ ಬಣ್ಣ. ನುಗ್ಗೆ ಮರದ ಕಂಬಳಿಹುಳುವನ್ನು ಮಾತ್ರ ಕೈಯಲ್ಲಿ ಮುಟ್ಟಬೇಡಿ, ತುರಿಕೆ ಬರುತ್ತೆ!

ಒಂದು ಡಬ್ಬಿ, ತೂತು ಮಾಡಿದ ಮುಚ್ಚಳ, ದಿನಾ ಹೊಸ ಎಲೆ, ಒಂದು ನೋಟ್‌ಬುಕ್ಕು ಇಷ್ಟು ಸಾಕು. ಆಮೇಲೆ ಬೇಕಾದದ್ದು ತಾಳ್ಮೆ. ರೆಕ್ಕೆ ಬಂದ ದಿನ ಅದನ್ನು ಹಾರಲು ಬಿಡಿ.