ಹೆಸರಿನಲ್ಲೇ ನಾಡನ್ನು ಹೊತ್ತ ಅಮೀರ್‌ಬಾಯಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ಪಾರಿಜಾತ, ಲಾವಣಿ ಮತ್ತು ಕಂಪನಿ ನಾಟಕಗಳಿಗೆ ಹೆಸರಾದದ್ದು. ಬ್ರಿಟಿಷರ ವಿರುದ್ಧ ಹಲಗಲಿಯ ಬೇಡರು 1857ರಲ್ಲಿ ಎದ್ದ ಕಥೆಯನ್ನು ಜನರ ನೆನಪಿನಲ್ಲಿ ಉಳಿಸಿದ್ದು ಇಲ್ಲಿನ ಲಾವಣಿಗಳೇ. ಈ ಸೀಮೆಯ ಬೀಳಗಿಯಲ್ಲಿ ಹುಟ್ಟಿದ ಗಾಯಕಿಯೊಬ್ಬರ ದನಿ 1940ರ ದಶಕದಲ್ಲಿ ದೇಶದ ಉದ್ದಗಲಕ್ಕೂ ಕೇಳಿಸಿತ್ತು. ಆದರೂ ಅಮೀರ್‌ಬಾಯಿ ಕರ್ನಾಟಕಿ ಎಂದೊಡನೆ ಅವರು ಯಾರೆಂದು ಕೇಳುವ ಕನ್ನಡಿಗರನ್ನು ನಾನು ಬಹಳ ಕಂಡಿದ್ದೇನೆ.

ಸಂಗೀತ, ನಾಟಕಗಳ ನಂಟಿದ್ದ ಮುಸ್ಲಿಂ ಕುಟುಂಬ ಅವರದು. ಅಕ್ಕ ಗೋಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿಯ ನಟಿಯಾಗಿ ಖ್ಯಾತರಾದರು. ಮುಂಬೈ ಸೇರಿದ ಅಮೀರ್‌ಬಾಯಿ 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಲ್ಲಿ ನಟಿಸಿದರು. ಆದರೆ ಯಶಸ್ಸು ಸುಲಭವಾಗಿ ಒಲಿಯಲಿಲ್ಲ. 1940ರ ‘ನರಸೀ ಭಗತ್’ನಲ್ಲಿ ಅವರು ಗಾಂಧೀಜಿಗೆ ಪ್ರಿಯವಾಗಿದ್ದ ‘ವೈಷ್ಣವ ಜನತೋ’ ಹಾಡಿದರು. ಬೀಳಗಿಯ ಮುಸ್ಲಿಂ ಹೆಣ್ಣುಮಗಳೊಬ್ಬಳು ಗುಜರಾತಿನ ಭಕ್ತಕವಿಯ ಪದಕ್ಕೆ ದನಿಯಾದದ್ದು ಆ ಕಾಲಕ್ಕೆ ಸಹಜವೇ ಆಗಿತ್ತು. ಇಂದು ಅದನ್ನು ಎತ್ತಿ ಹೇಳಬೇಕಾಗಿರುವುದೇ ನನಗೆ ವಿಷಾದದ ಸಂಗತಿ.

ಬಾಂಬೆ ಟಾಕೀಸಿನ ‘ಕಿಸ್ಮತ್’ 1943ರಲ್ಲಿ ಬಂತು. ಅನಿಲ್ ಬಿಸ್ವಾಸ್ ಸಂಗೀತದಲ್ಲಿ ಅಮೀರ್‌ಬಾಯಿ ಹಾಡಿದ ಗೀತೆಗಳು ಮನೆಮಾತಾದವು. ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಕ್ವಿಟ್ ಇಂಡಿಯಾ ಚಳವಳಿಯ ಬಿಸಿ ಆರದ ದಿನಗಳವು. ಚಿತ್ರದಲ್ಲಿದ್ದ ಕವಿ ಪ್ರದೀಪರ ದೇಶಭಕ್ತಿ ಗೀತೆ ಮೇಲ್ನೋಟಕ್ಕೆ ಜರ್ಮನಿ, ಜಪಾನುಗಳನ್ನು ಗದರಿಸುವಂತಿತ್ತು. ಅದರ ಗುರಿ ಬ್ರಿಟಿಷರೆಂಬುದು ಪ್ರೇಕ್ಷಕರಿಗೆ ತಿಳಿದಿತ್ತು. ಅದನ್ನು ಹಾಡಿದವರಲ್ಲೂ ಅಮೀರ್‌ಬಾಯಿ ಇದ್ದರು. ಹಲಗಲಿಯ ಲಾವಣಿಕಾರರ ಕೆಲಸವೇ ಇಲ್ಲಿ ಬೇರೊಂದು ವೇದಿಕೆಯಲ್ಲಿ ಮುಂದುವರಿದಂತೆ ನನಗೆ ತೋರುತ್ತದೆ.

ಮರುವರ್ಷ ನೌಷಾದರ ‘ರತನ್’ ಅವರ ಕೀರ್ತಿಯನ್ನು ಹೆಚ್ಚಿಸಿತು. 1948ರಲ್ಲಿ ‘ಶೆಹನಾಜ್’ ಚಿತ್ರಕ್ಕೆ ಸ್ವತಃ ಸಂಗೀತ ನೀಡಿದರು. ಹೆಣ್ಣೊಬ್ಬಳು ಸಂಗೀತ ನಿರ್ದೇಶಕಿಯಾಗುವುದು ಆಗ ತೀರ ವಿರಳ. ಖಾಸಗಿ ಬದುಕು ಮಾತ್ರ ನೆಮ್ಮದಿಯದಾಗಿರಲಿಲ್ಲ. ನಟ ಹಿಮಾಲಯವಾಲಾರೊಂದಿಗಿನ ದಾಂಪತ್ಯ ಮುರಿದುಬಿತ್ತು. ಅಷ್ಟರಲ್ಲಿ ಲತಾ ಮಂಗೇಶ್ಕರ್ ಅವರ ಯುಗ ಆರಂಭವಾಯಿತು. ಕಂಪನಿ ನಾಟಕದ ತುಂಬುದನಿಯ ಜಾಗಕ್ಕೆ ಮೈಕಿಗೆ ಒಗ್ಗುವ ನವಿರು ದನಿ ಬಂತು. ಅಮೀರ್‌ಬಾಯಿ ಪೋಷಕ ಪಾತ್ರಗಳತ್ತ ಸರಿದರು. 1965ರ ಮಾರ್ಚ್ 3ರಂದು ತೀರಿಕೊಂಡರು.

ರಹಮತ್ ತರೀಕೆರೆಯವರು ಜೀವನಚರಿತ್ರೆ ಬರೆದು ಅವರನ್ನು ಕನ್ನಡದ ನೆನಪಿಗೆ ಮರಳಿಸಿದ್ದಾರೆ. ಆದರೆ ಒಂದು ಪುಸ್ತಕಕ್ಕೇ ನಮ್ಮ ಋಣ ತೀರದು. ಹೊರನಾಡಿನಲ್ಲಿ ಗೆದ್ದವರನ್ನು ನಮ್ಮವರೆಂದು ಹೆಮ್ಮೆಪಡುವ ನಾವು, ತನ್ನ ಹೆಸರಿನಲ್ಲೇ ಈ ನಾಡನ್ನು ಹೊತ್ತು ತಿರುಗಿದ ಕಲಾವಿದೆಯನ್ನು ಮರೆತದ್ದೇಕೆ? ಆಕೆ ಕಂಪನಿ ನಾಟಕದ ಹೆಣ್ಣೆಂದೇ, ಹಿಂದಿಯಲ್ಲಿ ಹಾಡಿದಳೆಂದೇ, ಮುಸ್ಲಿಮಳೆಂದೇ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವು.